ದೇವರಾಜ ಅರಸು: ಸಂಖ್ಯಾಬಲವಿಲ್ಲದವರ ರಾಜಕಾರಣ ಮತ್ತು ಏಳನೇ ನಮೂನೆಯ ಒಂದು ಅರ್ಜಿ

2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷಕರು ಮನೆಮನೆಗೆ ಬರತೊಡಗಿದಾಗ, ಜಾತಿ, ಮೀಸಲಾತಿ ಮತ್ತು ಪ್ರಾತಿನಿಧ್ಯದ ಚರ್ಚೆಗಳಲ್ಲೆಲ್ಲ ಒಂದು ಹೆಸರು ಪದೇಪದೇ ಕೇಳಿಬಂತು. ಎಪ್ಪತ್ತರ ದಶಕದಲ್ಲಿ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಡಿ. ದೇವರಾಜ ಅರಸು ತೀರಿಕೊಂಡು ನಾಲ್ಕು ದಶಕಗಳು ದಾಟಿವೆ. ಇಂದಿನ ಕಾಲೇಜು ವಿದ್ಯಾರ್ಥಿಗೆ ಅವರು ಹಾಸ್ಟೆಲ್‌ನ ನಾಮಫಲಕ, ಮೈಸೂರಿನ ಒಂದು ರಸ್ತೆ, ಅಥವಾ ಬಾಯಲ್ಲಿ ಪೈಪ್ ಹಿಡಿದ ಒಂದು ಹಳೆಯ ಭಾವಚಿತ್ರ ಅಷ್ಟೆ. ಆದರೆ ಅದೇ ವಿದ್ಯಾರ್ಥಿಯ ಅಜ್ಜ ಕರಾವಳಿಯಲ್ಲೋ ಮಲೆನಾಡಿನಲ್ಲೋ ಗೇಣಿ ಮಾಡಿದವರಾಗಿದ್ದರೆ, ಮನೆಯ ಟ್ರಂಕಿನಲ್ಲಿರುವ ಜಮೀನಿನ ಕಾಗದಕ್ಕೂ ಈ ಹೆಸರಿಗೂ ನೇರ ಸಂಬಂಧವಿದೆ.

ಅರಸು ಅವರು ಮಾಡಿದ ಕೆಲಸವೇನು, ಅದು ಹೇಗೆ ನಡೆಯಿತು, ಅವರು ಅಧಿಕಾರಕ್ಕೆ ಏರಿದ್ದು ಮತ್ತು ಇಳಿದದ್ದು ಯಾವ ಲೆಕ್ಕಾಚಾರದಿಂದ ಎಂಬುದನ್ನು ಮೊದಲಿನಿಂದ ವಿವರಿಸುವ ಪ್ರಯತ್ನ ಇದು.

ಹುಣಸೂರಿನಿಂದ ವಿಧಾನಸಭೆಗೆ

ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಊರು ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. 'ಅರಸು' ಎಂಬುದು ಒಂದು ಸಮುದಾಯದ ಹೆಸರು. ಮೈಸೂರಿನ ರಾಜಮನೆತನದೊಂದಿಗೆ ನಂಟಿರುವ ಈ ಸಮುದಾಯ ಗೌರವದಲ್ಲಿ ದೊಡ್ಡದಾದರೂ ಜನಸಂಖ್ಯೆಯಲ್ಲಿ ತೀರಾ ಚಿಕ್ಕದು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಅವರು ಕಟ್ಟಿದ ರಾಜಕಾರಣದ ಬೇರು ಇಲ್ಲಿದೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದ ಅವರು ಊರಿಗೆ ಮರಳಿ ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಈ ಸಭೆ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದದ್ದು. ಸಂಸ್ಥಾನದ ಜನರ ಅಹವಾಲನ್ನು ಸರ್ಕಾರದ ಮುಂದಿಡುವ ವೇದಿಕೆಯಾಗಿತ್ತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಅರಸು ಜೈಲು ಸೇರಿದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ಗೆದ್ದು ಶಾಸಕರಾದರು. ಮುಂದಿನ ಚುನಾವಣೆಗಳಲ್ಲೂ ಅದೇ ಜನ ಅವರನ್ನು ಕಳುಹಿಸಿದರು. ಅರವತ್ತರ ದಶಕದಲ್ಲಿ ಮಂತ್ರಿಯೂ ಆದರು. ಆದರೂ 1969ರವರೆಗೆ ಅವರು ರಾಜ್ಯ ಕಾಂಗ್ರೆಸ್ಸಿನ ಹಲವು ನಾಯಕರಲ್ಲಿ ಒಬ್ಬರಾಗಿದ್ದರೇ ಹೊರತು ಮೊದಲ ಸಾಲಿನವರಾಗಿರಲಿಲ್ಲ.

ಮೊದಲ ಸಾಲು ಯಾರದ್ದಾಗಿತ್ತು ಎಂಬುದನ್ನು ನೋಡಿದರೆ ಕಾರಣ ತಿಳಿಯುತ್ತದೆ. 1956ರಲ್ಲಿ ಕನ್ನಡ ಪ್ರದೇಶಗಳು ಒಂದಾದ ಮೇಲೆ 1971ರವರೆಗೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ ಮತ್ತು ವೀರೇಂದ್ರ ಪಾಟೀಲರು ನಾಲ್ವರೂ ಲಿಂಗಾಯತ ಸಮುದಾಯದವರು. ಅದಕ್ಕೆ ಹಿಂದಿನ ಹಳೆಯ ಮೈಸೂರು ರಾಜ್ಯದಲ್ಲಿ ಒಕ್ಕಲಿಗ ನಾಯಕರ ಪ್ರಾಬಲ್ಯವಿತ್ತು. ಊರಿನ ಭೂಮಿ, ಸಹಕಾರ ಸಂಘ, ತಾಲ್ಲೂಕು ಬೋರ್ಡು, ಶಾಸಕ ಸ್ಥಾನ ಇವೆಲ್ಲ ಹೆಚ್ಚುಕಡಿಮೆ ಒಂದೇ ಕೈಗಳಲ್ಲಿ ಇದ್ದ ಕಾಲವದು. ಆ ಎರಡೂ ಸಮುದಾಯಗಳಿಗೆ ಸೇರದ ಅರಸು ಅವರಿಗೆ ತಮ್ಮ ಜಾತಿಯ ಬಲದಿಂದ ಒಂದು ಕ್ಷೇತ್ರವನ್ನೂ ಗೆಲ್ಲುವುದು ಸಾಧ್ಯವಿರಲಿಲ್ಲ.

1969ರ ಒಡಕು ತೆರೆದ ದಾರಿ

1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆಯಿತು. ಪಕ್ಷದ ಅಧ್ಯಕ್ಷರು ನಿಜಲಿಂಗಪ್ಪ, ಪ್ರಧಾನಿ ಇಂದಿರಾ ಗಾಂಧಿ. ಇಬ್ಬರ ಬಣಗಳ ನಡುವಿನ ಬಿರುಕು ಅಲ್ಲಿ ಎಲ್ಲರಿಗೂ ಕಾಣುವಂತಾಯಿತು. ಅದೇ ತಿಂಗಳು ಇಂದಿರಾ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು, ನವೆಂಬರ್‌ನಲ್ಲಿ ಅವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಎರಡಾಯಿತು.

ಕರ್ನಾಟಕದಲ್ಲಿ, ಅಂದರೆ ಆಗಿನ ಮೈಸೂರು ರಾಜ್ಯದಲ್ಲಿ, ಪಕ್ಷದ ಹೆಚ್ಚಿನ ಶಾಸಕರೂ ಸರ್ಕಾರವೂ ನಿಜಲಿಂಗಪ್ಪನವರ ಕಡೆ ಉಳಿದವು. ಇಂದಿರಾ ಕಡೆ ಹೋದವರು ಕೆಲವೇ ಮಂದಿ, ಅವರ ಮುಂದಾಳು ಅರಸು. ಅಂದಿನ ಲೆಕ್ಕದಲ್ಲಿ ಅದು ಸೋಲುವ ಪಕ್ಷ ಎನಿಸಿತ್ತು. ಆದರೆ 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳಲ್ಲಿ ಅಷ್ಟನ್ನೂ ಇಂದಿರಾ ಬಣದ ಕಾಂಗ್ರೆಸ್ ಗೆದ್ದಿತು. ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು, ಒಂದು ವರ್ಷ ರಾಷ್ಟ್ರಪತಿ ಆಳ್ವಿಕೆ ನಡೆಯಿತು. 1972ರ ವಿಧಾನಸಭಾ ಚುನಾವಣೆಯಲ್ಲಿ 216 ಸ್ಥಾನಗಳಲ್ಲಿ 165 ಕಾಂಗ್ರೆಸ್ ಪಾಲಾಯಿತು. ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇಂದಿರಾ ಅಲೆಯಲ್ಲಿ ತೇಲಿ ಬಂದವರು ಅನೇಕ ರಾಜ್ಯಗಳಲ್ಲಿ ಇದ್ದರು, ಅವರೆಲ್ಲ ಮರೆತುಹೋಗಿರುವಾಗ ಅರಸು ಏಕೆ ಉಳಿದರು? ಉತ್ತರದ ಒಂದು ಭಾಗ ಟಿಕೆಟ್ ಹಂಚಿಕೆಯಲ್ಲಿದೆ. ಹಳೆಯ ನಾಯಕರು ಇನ್ನೊಂದು ಬಣದಲ್ಲಿ ಉಳಿದದ್ದರಿಂದ ಅರಸು ಅವರಿಗೆ ಹೊಸಬರನ್ನು ನಿಲ್ಲಿಸುವ ಅವಕಾಶವೂ ಅನಿವಾರ್ಯತೆಯೂ ಒಟ್ಟಿಗೇ ಬಂದವು. ಕಾರ್ಕಳದಿಂದ ಎಂ. ವೀರಪ್ಪ ಮೊಯಿಲಿ, ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಜೇವರ್ಗಿಯಿಂದ ಎನ್. ಧರ್ಮಸಿಂಗ್ ಗೆದ್ದು ಬಂದದ್ದು ಆ 1972ರ ಚುನಾವಣೆಯಲ್ಲಿ. ಒಂದೊಂದು ಊರಿನಲ್ಲಿ ಹತ್ತಿಪ್ಪತ್ತು ಮನೆ ಇರುವ ಜಾತಿಗಳು ಬಿಡಿಬಿಡಿಯಾಗಿ ನಿಂತರೆ ನಾರಿನ ಎಳೆಗಳಂತೆ ಯಾರು ಬೇಕಾದರೂ ಕಿತ್ತುಬಿಡಬಹುದು, ಹೊಸೆದರೆ ಹಗ್ಗ. ಅರಸು ಅವರು ಹೊಸೆಯುವ ಕೆಲಸಕ್ಕೆ ಇಳಿದರು. ತಮಗೇ ಸಂಖ್ಯಾಬಲವಿಲ್ಲದ ನಾಯಕ ಸಂಖ್ಯಾಬಲವಿಲ್ಲದವರನ್ನೆಲ್ಲ ಕೂಡಿಸಿ ಬಹುಮತ ಮಾಡಿಕೊಂಡದ್ದು, ನನ್ನ ತಿಳಿವಳಿಕೆಯಲ್ಲಿ, ಅವರ ಇಡೀ ರಾಜಕೀಯ ಜೀವನವನ್ನು ಅರ್ಥ ಮಾಡಿಕೊಳ್ಳುವ ಕೀಲಿಕೈ.

ಗೇಣಿ ಎಂದರೇನು

ಉತ್ತರದ ಇನ್ನೊಂದು ಭಾಗ ಭೂಮಿಗೆ ಸಂಬಂಧಿಸಿದ್ದು. ಅದನ್ನು ತಿಳಿಯಲು ಮೊದಲು 'ಗೇಣಿ' ಎಂಬ ಪದ ಗೊತ್ತಿರಬೇಕು.

ಭೂಮಿ ಒಬ್ಬರ ಹೆಸರಿನಲ್ಲಿ, ಉಳುವವರು ಇನ್ನೊಬ್ಬರು. ಉಳುವವರು ಬೆಳೆಯ ಒಂದು ಪಾಲನ್ನು ಭೂಮಿಯ ಒಡೆಯರಿಗೆ ಪ್ರತಿವರ್ಷ ಕೊಡಬೇಕು. ಆ ಪಾಲೇ ಗೇಣಿ. ಕೊಡುವವನು ಗೇಣಿದಾರ ಅಥವಾ ಒಕ್ಕಲು, ಪಡೆಯುವವರು ಕರಾವಳಿಯ ಮಾತಿನಲ್ಲಿ ಧಣಿ. ಇದನ್ನು ಮನೆ ಬಾಡಿಗೆಯಂತೆ ಎಂದು ಸುಲಭವಾಗಿ ಹೇಳಿಬಿಡಬಹುದು, ಆದರೆ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಸರಿ. ಬಾಡಿಗೆದಾರ ಸಂಬಳ ಬೇರೆ ಕಡೆ ದುಡಿದು ಬಾಡಿಗೆ ಕೊಡುತ್ತಾನೆ, ಬೇಡವಾದರೆ ಬೇರೆ ಮನೆ ಹುಡುಕುತ್ತಾನೆ. ಗೇಣಿದಾರನಿಗೆ ದುಡಿಮೆಯೂ ಅದೇ ನೆಲದಲ್ಲಿ, ವಾಸದ ಗುಡಿಸಲೂ ಎಷ್ಟೋ ವೇಳೆ ಅದೇ ನೆಲದಲ್ಲಿ. ಕರಾವಳಿಯಲ್ಲಿ ಗೇಣಿಯನ್ನು ಇಂತಿಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಅಕ್ಕಿ ಎಂದು ಗೊತ್ತುಮಾಡಿರುತ್ತಿದ್ದರು. ಮಳೆ ಕೈಕೊಟ್ಟ ವರ್ಷವೂ ಮುಡಿಯ ಲೆಕ್ಕ ಬದಲಾಗದಿದ್ದರೆ ಒಕ್ಕಲಿನ ಮನೆಯಲ್ಲಿ ಉಣ್ಣಲು ಉಳಿಯುವುದು ಕಡಿಮೆಯಾಗುತ್ತಿತ್ತು. ಹೀಗೆ ವರ್ಷದಿಂದ ವರ್ಷಕ್ಕೆ ನಡೆಯುವ, ಧಣಿ ಮನಸ್ಸು ಮಾಡಿದರೆ ಬಿಡಿಸಬಹುದಾದ ಗೇಣಿಗೆ ಚಾಲಗೇಣಿ ಎಂದೂ, ತಲೆಮಾರುಗಳಿಗೆ ಮುಂದುವರಿಯುವ ಶಾಶ್ವತ ಗೇಣಿಗೆ ಮೂಲಗೇಣಿ ಎಂದೂ ಹೆಸರು. ಬಡ ಒಕ್ಕಲುಗಳಲ್ಲಿ ಹೆಚ್ಚಿನವರು ಚಾಲಗೇಣಿಯವರು.

ಗೇಣಿಯ ಜಗಳ ಎಷ್ಟು ಸೂಕ್ಷ್ಮವಾದದ್ದು ಎಂಬುದಕ್ಕೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡು ಒಳ್ಳೆಯ ಉದಾಹರಣೆ. 1951ರಲ್ಲಿ ಅಲ್ಲಿ ರೈತರು ಸತ್ಯಾಗ್ರಹಕ್ಕೆ ಕೂತದ್ದಕ್ಕೆ ಮೂಲವಾದ ವಿವಾದಗಳಲ್ಲಿ ಒಂದು, ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರ. ಕೊಳಗ ಎಂದರೆ ಧಾನ್ಯ ಅಳೆಯುವ ಪಾತ್ರೆ. 'ಇಷ್ಟು ಕೊಳಗ ಗೇಣಿ' ಎಂಬ ಮಾತು ಬದಲಾಗದೆ ಕೊಳಗವೇ ದೊಡ್ಡದಾದರೆ ಗೇಣಿ ಸದ್ದಿಲ್ಲದೆ ಏರುತ್ತದೆ. ಅಂಗಳದಲ್ಲಿ ರಾಶಿ ಹಾಕಿದ ಭತ್ತದ ಮುಂದೆ ನಿಂತ ರೈತನಿಗೆ ಅದು ಕಣ್ಣಿಗೆ ಕಾಣುವ ನಷ್ಟ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಆ ಹೋರಾಟದ ಜೊತೆ ನಿಂತರು; ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ಇಂಥ ಹೋರಾಟಗಳಿಂದ ಬೆಳೆದದ್ದು. ಅರಸು ಅದನ್ನು ಹುಟ್ಟಿಸಲಿಲ್ಲ, ಕಾನೂನಾಗಿ ಜಾರಿಗೆ ತಂದರು. ಈ ವ್ಯತ್ಯಾಸವನ್ನು ಅಳಿಸಿಬಿಟ್ಟರೆ ಹೋರಾಟಗಾರರಿಗೂ ಅನ್ಯಾಯ, ಅರಸು ಅವರನ್ನು ಅರಿಯುವುದಕ್ಕೂ ಅಡ್ಡಿ.

1974ರ ಮಾರ್ಚ್ 1ರಂದು ಬದಲಾದದ್ದು

ಭೂಸುಧಾರಣೆಯ ಕಾನೂನು ಅರಸು ಅವರಿಗಿಂತ ಮೊದಲೇ ಇತ್ತು. 1961ರ ಕಾಯ್ದೆ ಗೇಣಿಯ ಪ್ರಮಾಣಕ್ಕೆ ಮಿತಿ ಹಾಕಿತ್ತು, ಗೇಣಿದಾರರಿಗೆ ಕೆಲವು ರಕ್ಷಣೆಗಳನ್ನೂ ಕೊಟ್ಟಿತ್ತು. ಆದರೆ ಸ್ವಂತ ಬೇಸಾಯಕ್ಕೆಂದು ಜಮೀನನ್ನು ಒಡೆಯರು ಮರಳಿ ಪಡೆಯುವ ಅವಕಾಶವನ್ನೂ ಇಟ್ಟಿತ್ತು. ಹಕ್ಕು ಬೇಕಾದ ಗೇಣಿದಾರ ತನಗೆ ಸಾಲ ಕೊಡುವ, ಮದುವೆ ಮುಂಜಿಗೆ ನೆರವಾಗುವ, ಊರಿನ ನ್ಯಾಯ ಹೇಳುವ ಧಣಿಯ ಎದುರೇ ನಿಂತು ಕೇಳಬೇಕಿತ್ತು. ಹಾಗೆ ಕೇಳುವ ಧೈರ್ಯ ಎಷ್ಟು ಜನರಿಗೆ ಇದ್ದೀತು?

ಅರಸು ಸರ್ಕಾರ ತಂದ ತಿದ್ದುಪಡಿ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿತು. 1974ರ ಮಾರ್ಚ್ 1ರಂದು ಅದು ಜಾರಿಗೆ ಬಂತು. ಆ ದಿನ ರಾಜ್ಯದಲ್ಲಿ ಗೇಣಿಯಲ್ಲಿದ್ದ ಎಲ್ಲ ಕೃಷಿ ಜಮೀನುಗಳೂ, ಸೈನಿಕರಂಥ ಕೆಲವರ ಜಮೀನುಗಳನ್ನು ಬಿಟ್ಟು, ಕಾನೂನಿನ ಬಲದಿಂದಲೇ ಸರ್ಕಾರದ ಪಾಲಾದವು. ಅಂದರೆ ಧಣಿಯ ಒಡೆತನ ಮೊದಲು ಸರ್ಕಾರಕ್ಕೆ ಬಂತು, ಅಲ್ಲಿಂದ ಉಳುವವನಿಗೆ ಹೋಗಬೇಕು. ಗೇಣಿದಾರ ಇನ್ನು ಧಣಿಯನ್ನು ಕೇಳಬೇಕಿಲ್ಲ, ಸರ್ಕಾರಕ್ಕೆ ಅರ್ಜಿ ಹಾಕಿದರೆ ಸಾಕು. ನೋಡಲು ಸಣ್ಣದೆನಿಸುವ ಈ ಹೊರಳುವಿಕೆಯಲ್ಲಿ ಕಾನೂನಿನ ಜೀವಾಳವಿದೆ: ಕೇಳುವ ದಿಕ್ಕು ಬದಲಾಯಿತು.

ಆ ಅರ್ಜಿಯ ಹೆಸರು ನಮೂನೆ 7. ಕರಾವಳಿಯಲ್ಲಿ ಇದನ್ನು ಜನ 'ಡಿಕ್ಲರೇಷನ್' ಎಂದು ಕರೆದರು. 'ನಾವು ಡಿಕ್ಲರೇಷನ್ ಕೊಟ್ಟಿದ್ದೆವು', 'ಇದು ಡಿಕ್ಲರೇಷನ್‌ನಲ್ಲಿ ಬಂದ ಜಾಗ' ಎಂಬ ಮಾತು ಹಿರಿಯರ ಬಾಯಲ್ಲಿ ಈಗಲೂ ಇದೆ. ಅರ್ಜಿ ಹಾಕಲು ಕೊಟ್ಟ ಗಡುವನ್ನು ಹಲವು ಬಾರಿ ವಿಸ್ತರಿಸಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಲಾಯಿತು. ಧಣಿಗೆ ಕಾಯ್ದೆ ನಿಗದಿಮಾಡಿದ ಪರಿಹಾರವಿತ್ತು. ಗೇಣಿದಾರನೂ ಸರ್ಕಾರಕ್ಕೆ ಒಂದು ಮೊತ್ತ ಕಟ್ಟಬೇಕಿತ್ತು. ಹಕ್ಕು ಸಿಕ್ಕವರಿಗೆ ಅಧಿಭೋಗದಾರಿಕೆಯ ಪ್ರಮಾಣಪತ್ರ, ಅಂದರೆ ನಮೂನೆ 10, ದೊರೆಯುತ್ತಿತ್ತು. ಹೀಗೆ ಬಂದ ಜಮೀನನ್ನು 15 ವರ್ಷ ಮಾರುವಂತಿಲ್ಲ ಎಂಬ ಷರತ್ತೂ ಇತ್ತು. ಬಡವನ ಕೈಗೆ ಬಂದ ಭೂಮಿ ಮೊದಲ ಕಷ್ಟದ ದಿನಕ್ಕೇ ಮತ್ತೆ ಉಳ್ಳವರ ಪಾಲಾಗಬಾರದು ಎಂಬುದು ಅದರ ಉದ್ದೇಶ.

ಒಬ್ಬರು ಎಷ್ಟು ಭೂಮಿ ಇಟ್ಟುಕೊಳ್ಳಬಹುದು ಎಂಬ ಮಿತಿಯನ್ನೂ ಇದೇ ಕಾನೂನು ಇಳಿಸಿತು. ಐದು ಜನರವರೆಗಿನ ಕುಟುಂಬಕ್ಕೆ 10 ಯೂನಿಟ್, ದೊಡ್ಡ ಕುಟುಂಬಕ್ಕೆ ಹೆಚ್ಚೆಂದರೆ 20. ಯೂನಿಟ್ ಎಂದರೆ ಎಕರೆಯಲ್ಲ. ನೂರು ರೂಪಾಯಿಯ ಒಂದು ನೋಟಿಗೂ ಹತ್ತು ರೂಪಾಯಿಯ ಹತ್ತು ನೋಟಿಗೂ ಬೆಲೆ ಒಂದೇ ಆಗಿರುವಂತೆ, ಎರಡು ಬೆಳೆ ಬರುವ ಉತ್ತಮ ನೀರಾವರಿಯ ಒಂದು ಎಕರೆಯೂ ಮಳೆಯನ್ನೇ ನಂಬಿದ 5.4 ಎಕರೆ ಖುಷ್ಕಿಯೂ ಒಂದೊಂದು ಯೂನಿಟ್. ಹೀಗಾಗಿ ಮಿತಿ ನೀರಾವರಿಯಲ್ಲಿ 10 ಎಕರೆಯಾದರೆ ಒಣಭೂಮಿಯಲ್ಲಿ 54 ಎಕರೆ.

ಭೂ ನ್ಯಾಯಮಂಡಳಿಯ ಮುಂದೆ

ಅರ್ಜಿಗಳನ್ನು ತೀರ್ಮಾನಿಸಲು ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿಗಳನ್ನು ರಚಿಸಲಾಯಿತು. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷರು. ಸರ್ಕಾರ ನೇಮಿಸುವ ನಾಲ್ವರು ಸದಸ್ಯರು ಜೊತೆಗೆ ಕೂರುತ್ತಿದ್ದರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ಆರಂಭದಲ್ಲಿ ವಕೀಲರಿಗೆ ಅಲ್ಲಿ ವಾದಿಸುವ ಅವಕಾಶವಿರಲಿಲ್ಲ. ಮಂಡಳಿಯ ತೀರ್ಪಿನ ಮೇಲೆ ಸಾಮಾನ್ಯ ಮೇಲ್ಮನವಿಯೂ ಇರಲಿಲ್ಲ. ಒಪ್ಪದವರಿಗೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಯೊಂದೇ ದಾರಿ.

ಇಷ್ಟು ಬಿಗಿ ಏಕೆ ಎಂದು ಇಂದಿನ ಓದುಗರು ಕೇಳಬಹುದು. ಒಂದು ಅರ್ಜಿಯನ್ನು ಕಣ್ಣಮುಂದೆ ತಂದುಕೊಂಡರೆ ಉತ್ತರ ಸಿಗುತ್ತದೆ. ಒಬ್ಬ ಗೇಣಿದಾರ ಮಂಡಳಿಯ ಮುಂದೆ ನಿಂತಿದ್ದಾನೆ. ಅವನ ತಂದೆಯೂ ಅದೇ ಗದ್ದೆ ಉತ್ತವನು. ಆದರೆ ಗೇಣಿಯ ಒಪ್ಪಂದ ಬಾಯಿಮಾತಿನದು. ಅಳೆದುಕೊಟ್ಟ ಅಕ್ಕಿಗೆ ರಸೀದಿ ಕೊಟ್ಟವರಿಲ್ಲ, ಕೇಳಿದವನೂ ಇಲ್ಲ. ಪಹಣಿಯಲ್ಲಿ ಉಳುವವರ ಹೆಸರಿನ ಜಾಗದಲ್ಲಿ ಧಣಿಯ ಹೆಸರೇ ಇದೆ. ಎದುರಿಗೆ ದಸ್ತಾವೇಜುಗಳ ಕಟ್ಟು ಹಿಡಿದು ಧಣಿಯ ಕಡೆಯವರು ಕೂತಿದ್ದಾರೆ. ಸಿವಿಲ್ ನ್ಯಾಯಾಲಯದ ರೂಢಿಯಲ್ಲಿ ಕಾಗದ ಇದ್ದವರ ಕೈ ಮೇಲು. ಊರನ್ನು ಬಲ್ಲ ಸದಸ್ಯರಿರುವ ಮಂಡಳಿಯಾದರೆ 'ಆ ಗದ್ದೆಗೆ ಯಾರ ಎತ್ತು ಇಳಿಯುತ್ತಿತ್ತು, ನಾಟಿಗೆ ಯಾರ ಮನೆಯವರು ಬರುತ್ತಿದ್ದರು' ಎಂದು ಪಕ್ಕದ ಗದ್ದೆಯವರನ್ನು ಕೇಳಬಹುದು. ಮಂಡಳಿಯ ಬಲವೂ ಅದೇ, ದೌರ್ಬಲ್ಯವೂ ಅದೇ. ಊರನ್ನು ಬಲ್ಲವರಿಗೆ ಊರಿನ ಪಕ್ಷ, ದ್ವೇಷ, ದಾಕ್ಷಿಣ್ಯಗಳೂ ಇರುತ್ತವೆ. ತೀರ್ಪುಗಳ ವಿರುದ್ಧ ಹೈಕೋರ್ಟಿಗೆ ಬಂದ ರಿಟ್ ಅರ್ಜಿಗಳ ರಾಶಿ ಇದಕ್ಕೆ ಸಾಕ್ಷಿ. ಎಂಬತ್ತರ ದಶಕದಲ್ಲಿ ಮೇಲ್ಮನವಿ ಪ್ರಾಧಿಕಾರಗಳನ್ನು ರಚಿಸಬೇಕಾಯಿತು.

ಒಟ್ಟು ಸುಮಾರು 8 ಲಕ್ಷ ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಗೇಣಿದಾರರ ಪರವಾಗಿ ತೀರ್ಮಾನವಾದವು.

ಎಲ್ಲರಿಗೂ ಸಮನಾಗಿ ಸಿಗಲಿಲ್ಲ

ಗೇಣಿ ಎಲ್ಲಿ ದಟ್ಟವಾಗಿತ್ತೋ ಅಲ್ಲಿ ಈ ಕಾನೂನು ಊರಿನ ಚಹರೆಯನ್ನೇ ಬದಲಿಸಿತು. ದಕ್ಷಿಣ ಕನ್ನಡ, ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳು ಮುಂಚೂಣಿಯಲ್ಲಿ ಬರುತ್ತವೆ. ಬಿಲ್ಲವ, ದೀವರು, ಹಾಲಕ್ಕಿ ಮೊದಲಾದ ಸಮುದಾಯಗಳ ಅನೇಕ ಕುಟುಂಬಗಳಿಗೆ ಮೊದಲ ಬಾರಿಗೆ ತಮ್ಮ ಹೆಸರಿನ ಪಹಣಿ ಬಂದದ್ದು ಆಗ. ಭೂಮಿ ಬಂದ ಮನೆಯ ಮಕ್ಕಳು ಶಾಲೆ ಮುಗಿಸಿದ್ದು, ಬ್ಯಾಂಕಿನ ಸಾಲ ಸಿಕ್ಕಿದ್ದು, ಊರಿನ ಸಭೆಯಲ್ಲಿ ಕೂರುವ ಜಾಗ ಬದಲಾದದ್ದು ಇವೆಲ್ಲ ಅದರ ಬೆನ್ನಿಗೇ ನಡೆದ ಸಂಗತಿಗಳು.

ಬಯಲುಸೀಮೆಯ ಒಣಭೂಮಿಯಲ್ಲಿ ಚಿತ್ರ ಬೇರೆ. ಅಲ್ಲಿ ಗೇಣಿಗಿಂತ ಕೂಲಿಯ ಬೇಸಾಯ ಹೆಚ್ಚು. ಗೇಣಿದಾರನಿಗೆ ಹಕ್ಕು ಕೊಡುವ ಕಾನೂನಿನಿಂದ ಕೂಲಿಕಾರನಿಗೆ ಭೂಮಿ ಬರುವುದಿಲ್ಲ. ಮಿತಿಗಿಂತ ಹೆಚ್ಚಿನ ಭೂಮಿಯನ್ನು ಪಡೆದು ಹಂಚುವ ಭಾಗ ಭೂರಹಿತರಿಗೆ ನೆರವಾಗಬೇಕಿತ್ತು, ಆದರೆ ಕುಟುಂಬದವರ ಹೆಸರಿಗೆ ಪಾಲು ಮಾಡಿದ್ದರಿಂದಲೂ 54 ಎಕರೆಯ ಮಿತಿ ಸಾಕಷ್ಟು ಉದಾರವಾಗಿದ್ದರಿಂದಲೂ ಅದು ಸೊರಗಿತು. ದಲಿತರಲ್ಲಿ ಹೆಚ್ಚಿನವರು ಕೂಲಿಕಾರರಾಗಿದ್ದರು, ಹಾಗಾಗಿ ಅವರ ಪಾಲಿಗೆ ಬಂದದ್ದು ಅವರ ಅಗತ್ಯಕ್ಕಿಂತ ಬಹಳ ಕಡಿಮೆ. ಇನ್ನೊಂದು ಬದಿಯನ್ನೂ ಹೇಳದೆ ಬಿಡುವುದು ಸರಿಯಲ್ಲ: ಭೂಮಿ ಕಳೆದುಕೊಂಡವರೆಲ್ಲ ದೊಡ್ಡ ಧಣಿಗಳಾಗಿರಲಿಲ್ಲ. ಎರಡು ಮೂರು ಎಕರೆಯನ್ನು ಗೇಣಿಗೆ ಕೊಟ್ಟು ಅದರಲ್ಲೇ ಜೀವನ ನಡೆಸುತ್ತಿದ್ದ ವಿಧವೆಯರೂ ವೃದ್ಧರೂ ಇದ್ದರು, ಅವರ ನೋವು ಆ ಮನೆಗಳಲ್ಲಿ ಇಂದಿಗೂ ನೆನಪಾಗಿ ಉಳಿದಿದೆ.

ಹಾವನೂರು ವರದಿ ಮಾಡಿದ ಅಳತೆ

ಭೂಮಿಯ ನಂತರದ್ದು ಓದು ಮತ್ತು ಉದ್ಯೋಗ. ಮೀಸಲಾತಿಯ ಚರ್ಚೆ ಮೈಸೂರಿಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲೇ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದರು. ಸ್ವಾತಂತ್ರ್ಯಾನಂತರ ನಾಗನಗೌಡ ಸಮಿತಿ ವರದಿ ಕೊಟ್ಟಿತು, ಅದರ ಬೆನ್ನಿಗೆ ಬಂದ ಸರ್ಕಾರಿ ಆದೇಶ ಒಟ್ಟು ಮೀಸಲಾತಿಯನ್ನು ಶೇ 68ಕ್ಕೆ ಒಯ್ದಿತು. ಸುಪ್ರೀಂ ಕೋರ್ಟ್ ಬಾಲಾಜಿ ಪ್ರಕರಣದಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಜಾತಿಯೊಂದನ್ನೇ ಅಳತೆಗೋಲು ಮಾಡುವಂತಿಲ್ಲ, ಸಾಮಾನ್ಯವಾಗಿ ಮೀಸಲಾತಿ ಅರ್ಧವನ್ನು ಮೀರಬಾರದು ಎಂದು ಹೇಳಿತು. ಯಾರು ಹಿಂದುಳಿದವರು ಎಂಬುದನ್ನು ಸರ್ಕಾರ ಇನ್ನು ಅಂದಾಜಿನ ಮೇಲೆ ಹೇಳುವಂತಿರಲಿಲ್ಲ, ಅಳೆದು ತೋರಿಸಬೇಕಿತ್ತು.

ಆ ಅಳತೆಯ ಕೆಲಸಕ್ಕೆ ಅರಸು ಸರ್ಕಾರ 1972ರಲ್ಲಿ ವಕೀಲ ಎಲ್.ಜಿ. ಹಾವನೂರು ಅವರ ಅಧ್ಯಕ್ಷತೆಯಲ್ಲಿ ರಾಜ್ಯದ ಮೊದಲ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿತು. ಆಯೋಗ ಹಳ್ಳಿ ಪಟ್ಟಣಗಳಲ್ಲಿ ಮನೆಗಳ ಸಮೀಕ್ಷೆ ನಡೆಸಿತು, ಸರ್ಕಾರಿ ಹುದ್ದೆಗಳಲ್ಲಿ ಯಾವ ಜಾತಿಯವರು ಎಷ್ಟಿದ್ದಾರೆ ಎಂದು ಎಣಿಸಿತು. ಅದು ಬಳಸಿದ ಒಂದು ಅಳತೆ ಯಾರಿಗಾದರೂ ಅರ್ಥವಾಗುವಂಥದ್ದು: 1972ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರತಿ ಜಾತಿಯ ಸಾವಿರ ಜನಸಂಖ್ಯೆಗೆ ಎಷ್ಟು ಮಕ್ಕಳು ತೇರ್ಗಡೆಯಾದರು? ರಾಜ್ಯದ ಸರಾಸರಿಗಿಂತ ಕೆಳಗಿದ್ದರೂ ಅದರ ಅರ್ಧಕ್ಕಿಂತ ಮೇಲಿದ್ದವರು 'ಹಿಂದುಳಿದ ಸಮುದಾಯಗಳು'. ಅರ್ಧಕ್ಕಿಂತಲೂ ಕೆಳಗಿದ್ದವರು 'ಹಿಂದುಳಿದ ಜಾತಿಗಳು'. ಅಲೆಮಾರಿಗಳೂ ಅಂಥ ಇತರ ಸಮೂಹಗಳೂ 'ಹಿಂದುಳಿದ ಬುಡಕಟ್ಟುಗಳು'. ಎಲ್ಲ ಹಿಂದುಳಿದವರನ್ನೂ ಒಂದೇ ಗುಂಪಿಗೆ ಹಾಕಿದರೆ ಅವರಲ್ಲೇ ಸ್ವಲ್ಪ ಮುಂದಿರುವವರು ಎಲ್ಲವನ್ನೂ ಪಡೆದುಕೊಳ್ಳುತ್ತಾರೆ. ಓಟದಲ್ಲಿ ಎಳೆಯ ಮಕ್ಕಳನ್ನು ದೊಡ್ಡ ಹುಡುಗರ ಸಾಲಿನಲ್ಲಿ ನಿಲ್ಲಿಸಿದ ಹಾಗೆ. ಇಂದು 'ಪ್ರವರ್ಗ 1', '2ಎ' ಎಂದು ನಾವು ಅರ್ಜಿಗಳಲ್ಲಿ ತುಂಬುವ ಒಳವರ್ಗೀಕರಣದ ವಿಚಾರ ಈ ದಾರಿಯಲ್ಲಿ ಬೆಳೆದದ್ದು.

1975ರ ನವೆಂಬರ್‌ನಲ್ಲಿ ವರದಿ ಸರ್ಕಾರದ ಕೈಸೇರಿತು. ಒಕ್ಕಲಿಗರು ಪಟ್ಟಿಯಲ್ಲಿದ್ದರು, ಲಿಂಗಾಯತರು ಇರಲಿಲ್ಲ. ವಿರೋಧ ಎಷ್ಟು ತೀವ್ರವಾಗಿತ್ತೆಂದರೆ ಸದನದಲ್ಲೇ ವರದಿಯ ಪ್ರತಿಯನ್ನು ಹರಿದುಹಾಕುವವರೆಗೆ ಹೋಯಿತು. 1977ರ ಫೆಬ್ರುವರಿಯಲ್ಲಿ ಸರ್ಕಾರ ಕೆಲವು ಬದಲಾವಣೆಗಳೊಂದಿಗೆ ಅದನ್ನು ಆದೇಶವಾಗಿಸಿತು. ಮುಸ್ಲಿಮರನ್ನು ಪಟ್ಟಿಗೆ ಸೇರಿಸಿತು. ಜಾತಿ ಯಾವುದೇ ಇರಲಿ, ಕಡಿಮೆ ಆದಾಯದ ಕುಟುಂಬಗಳಿಗೆ 'ವಿಶೇಷ ಗುಂಪು' ಎಂಬ ಪ್ರತ್ಯೇಕ ಪಾಲನ್ನೂ ಇಟ್ಟಿತು. ಮುಂದೆ ಮೊಕದ್ದಮೆಗಳು ನಡೆದವು, ವೆಂಕಟಸ್ವಾಮಿ ಮತ್ತು ಚಿನ್ನಪ್ಪ ರೆಡ್ಡಿ ಆಯೋಗಗಳು ಬಂದವು. ಮನೆಮನೆಗೆ ಹೋಗಿ ಅಂಕಿಅಂಶ ಕಲೆಹಾಕಿದ ಮೇಲೆ ತೀರ್ಮಾನಿಸುವ ಪದ್ಧತಿ ಮಾತ್ರ ಉಳಿಯಿತು. 2025ರಲ್ಲಿ ನಮ್ಮ ಬಾಗಿಲು ತಟ್ಟಿದ್ದು ಅದೇ ಪದ್ಧತಿ. ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮವೂ 1977ರದ್ದು. ಈಗ ಅದು ಅರಸು ಅವರ ಹೆಸರಿನಲ್ಲಿದೆ.

ಇದೇ ಅವಧಿಯಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಜೀತ ವಿಮುಕ್ತಿ, 1976ರ ಋಣ ಪರಿಹಾರ ಕಾಯ್ದೆ, ಬಡವರಿಗೆ ಜನತಾ ಮನೆಗಳು, ವೃದ್ಧಾಪ್ಯ ವೇತನ ಇವೂ ಆ ಕಾಲದ ಕ್ರಮಗಳು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ಮುಖ್ಯಮಂತ್ರಿಯಾಗಿದ್ದವರೂ ಅರಸು.

ತುರ್ತು ಪರಿಸ್ಥಿತಿ ಮತ್ತು ಗ್ರೋವರ್ ಆಯೋಗ

ಅರಸು ಅವರ ಬಗ್ಗೆ ಬರೆಯುವವರು ಕೆಲವೊಮ್ಮೆ ಹಾರಿಬಿಡುವ ಪುಟಗಳಿವು. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಅವರು ಇಂದಿರಾ ಜೊತೆಗಿದ್ದರು. ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ ಮೊದಲಾದ ವಿರೋಧ ಪಕ್ಷದ ನಾಯಕರು ಬಂಧನದಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆರೋಗ್ಯ ಕೆಟ್ಟು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಡವರಿಗೆ ಭೂಮಿ ಹಂಚಿದ ಸರ್ಕಾರವೂ ಇವರನ್ನು ಸೆರೆಯಲ್ಲಿಟ್ಟ ಸರ್ಕಾರವೂ ಒಂದೇ. ಎರಡನ್ನೂ ಒಟ್ಟಿಗೆ ನೋಡದೆ ಆ ಕಾಲ ಪೂರ್ತಿಯಾಗಿ ತಿಳಿಯದು.

1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕದ 28ರಲ್ಲಿ 26 ಸ್ಥಾನಗಳನ್ನು ಅದು ಗೆದ್ದುಕೊಂಡಿತು. ಕೇಂದ್ರದಲ್ಲಿ ಬಂದ ಜನತಾ ಸರ್ಕಾರ ಅರಸು ಮೇಲಿನ ಸ್ವಜನಪಕ್ಷಪಾತ ಮತ್ತು ಭ್ರಷ್ಟಾಚಾರದ ಆರೋಪಗಳ ತನಿಖೆಗೆ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗವನ್ನು ನೇಮಿಸಿತು. ರಾಜ್ಯದ ಮುಖ್ಯಮಂತ್ರಿಯ ಮೇಲೆ ಕೇಂದ್ರ ಆಯೋಗ ನೇಮಿಸಬಹುದೇ ಎಂದು ಕರ್ನಾಟಕ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೋರ್ಟ್ ಆಯೋಗವನ್ನು ಎತ್ತಿಹಿಡಿಯಿತು. ಕೆಲವು ಆರೋಪಗಳಲ್ಲಿ ಹುರುಳಿದೆ ಎಂದು ಆಯೋಗ ಹೇಳಿತು. 1977ರ ಡಿಸೆಂಬರ್ 31ರಂದು ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು.

ಎರಡೇ ತಿಂಗಳು. 1978ರ ಫೆಬ್ರುವರಿಯ ಚುನಾವಣೆಯಲ್ಲಿ, ಪಕ್ಷ ಮತ್ತೊಮ್ಮೆ ಒಡೆದು ಆಗಷ್ಟೇ ಹುಟ್ಟಿದ್ದ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನ ಗೆದ್ದಿತು, ಅರಸು ಮರಳಿ ಮುಖ್ಯಮಂತ್ರಿಯಾದರು. ಆ ವರ್ಷದ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನಕ್ಕೆ ಇಂದಿರಾ ನಿಂತರು, ಎದುರಾಳಿ ವೀರೇಂದ್ರ ಪಾಟೀಲರು. ಸೋತು ಮೂಲೆ ಸೇರಿದ್ದಾರೆ ಎನ್ನಲಾಗಿದ್ದ ಇಂದಿರಾ ಅಲ್ಲಿಂದ ಸಂಸತ್ತಿಗೆ ಹಿಂದಿರುಗಿದರು.

ಇಂದಿರಾ ಜೊತೆಗಿನ ಬೇರ್ಪಡೆ

ಚಿಕ್ಕಮಗಳೂರಿನ ಗೆಲುವಿಗೆ ವರ್ಷ ತುಂಬುವ ಮೊದಲೇ ಇಬ್ಬರೂ ದೂರವಾದರು. ರಾಜ್ಯದಲ್ಲಿ ತನ್ನದೇ ನೆಲೆಯುಳ್ಳ ನಾಯಕ, ದೆಹಲಿಯಲ್ಲಿ ತನ್ನ ಮಾತೇ ಕೊನೆಯದಾಗಬೇಕೆನ್ನುವ ನಾಯಕಿ. ಪಕ್ಷದ ಮೇಲೆ ಸಂಜಯ ಗಾಂಧಿಯವರ ಹಿಡಿತದ ಬಗ್ಗೆ ಅರಸು ಅವರ ಅಸಮಾಧಾನ. ರಾಜ್ಯ ಘಟಕದ ಅಧ್ಯಕ್ಷ ಸ್ಥಾನ ಯಾರಿಗೆ ಎಂಬ ಜಗ್ಗಾಟ. 1979ರ ಜೂನ್‌ನಲ್ಲಿ ಅರಸು ಉಚ್ಚಾಟಿತರಾದರು. ಹೆಚ್ಚಿನ ಶಾಸಕರು ಆಗ ಅವರ ಜೊತೆಗೇ ನಿಂತದ್ದರಿಂದ ಸರ್ಕಾರ ಉಳಿಯಿತು; ಅವರ ಪಕ್ಷಕ್ಕೆ 'ಅರಸು ಕಾಂಗ್ರೆಸ್' ಎಂಬ ಹೆಸರು ಬಂತು.

1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28ರಲ್ಲಿ 27 ಸ್ಥಾನ ಗೆದ್ದಿತು. ಅರಸು ಪಕ್ಷಕ್ಕೆ ರಾಜ್ಯದಲ್ಲಿ ಒಂದೂ ಬರಲಿಲ್ಲ. ಶಾಸಕರು ದಿನಗಳ ಅಂತರದಲ್ಲಿ ಆಚೆ ಹೋದರು, ಅರಸು ರಾಜೀನಾಮೆ ಕೊಟ್ಟರು, ಅವರ ಸಂಪುಟದಲ್ಲೇ ಬೆಳೆದ ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಎರಡು ಅವಧಿ ಸೇರಿ ಏಳೂವರೆ ವರ್ಷಕ್ಕೂ ಹೆಚ್ಚಿನ ಆಡಳಿತ ಅಲ್ಲಿಗೆ ಮುಗಿಯಿತು.

ಭೂಮಿ ಪಡೆದವರು ಅವರಿಗೆ ಮತ ಹಾಕಲಿಲ್ಲವೇ? ಹಾಕಿದವರೂ ಇದ್ದರು. ಆದರೆ ಬಡವರ ಮನೆಗಳಲ್ಲಿ ಅರಸು ಮಾಡಿದ ಕೆಲಸವೂ 'ಇಂದಿರಮ್ಮ'ನ ಹೆಸರಿನಲ್ಲೇ ದಾಖಲಾಗಿತ್ತು. ಅವರು ಹೊಸೆದ ಹಗ್ಗದ ಒಂದು ತುದಿ ದೆಹಲಿಯಲ್ಲಿತ್ತು. ಇದಲ್ಲದೆ ಅವರು ಬೆಳೆಸಿದ ಹೊಸ ನಾಯಕರಲ್ಲಿ ಅನೇಕರಿಗೆ ಸ್ವಂತ ನೆಲೆ ಇನ್ನೂ ಗಟ್ಟಿಯಾಗಿರಲಿಲ್ಲ, ಗೆಲ್ಲುವ ಪಕ್ಷವನ್ನು ಬಿಟ್ಟು ನಿಲ್ಲುವ ಶಕ್ತಿ ಅವರಿಗಿರಲಿಲ್ಲ.

ಅರಸು ಮುಂದೆ ಕರ್ನಾಟಕ ಕ್ರಾಂತಿರಂಗ ಎಂಬ ಪ್ರಾದೇಶಿಕ ಪಕ್ಷ ಕಟ್ಟಿದರು. 1982ರ ಜೂನ್ 6ರಂದು ತೀರಿಕೊಂಡರು. ಏಳು ತಿಂಗಳ ನಂತರ, 1983ರ ಜನವರಿಯ ಚುನಾವಣೆಯಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗದ ಕೂಟ ಮುಂದೆ ಬಂದು, ರಾಮಕೃಷ್ಣ ಹೆಗಡೆ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚನೆಯಾಯಿತು.

ಮನೆಯ ಕಾಗದದಲ್ಲಿ ಹುಡುಕುವುದು ಹೇಗೆ

ಭೂಸುಧಾರಣಾ ಕಾಯ್ದೆ ಇಂದೂ ಜಾರಿಯಲ್ಲಿದೆ, ಆದರೆ ಹಳೆಯ ರೂಪದಲ್ಲಿಲ್ಲ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಗೇಣಿದಾರರಿಗೆ ಬಂದ ಹಕ್ಕನ್ನು ಆ ತಿದ್ದುಪಡಿ ಮುಟ್ಟಿಲ್ಲ.

ನಿಮ್ಮ ಕುಟುಂಬದ ಜಮೀನು ಈ ದಾರಿಯಲ್ಲಿ ಬಂದದ್ದೇ ಎಂದು ತಿಳಿಯಬೇಕಿದ್ದರೆ ಇಂದಿನ ಪಹಣಿಯೊಂದೇ ಸಾಲದು. ಎಪ್ಪತ್ತರ ದಶಕದ ಕೈಬರಹದ ಪಹಣಿಯನ್ನೂ ಹಕ್ಕು ಬದಲಾವಣೆಯ ವಹಿಯನ್ನೂ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ನಕಲು ಪಡೆದು ನೋಡಬೇಕು. ಭೂ ನ್ಯಾಯಮಂಡಳಿಯ ಆದೇಶದ ಸಂಖ್ಯೆ ಮತ್ತು ದಿನಾಂಕ ಅಲ್ಲಿ ಬರೆದಿರುತ್ತದೆ. ಆ ಸಂಖ್ಯೆಯನ್ನು ಕೊಟ್ಟರೆ ಮಂಡಳಿಯ ಕಡತ ಉಳಿದಿರುವ ಕಡೆ ಅದರ ನಕಲೂ ಸಿಗಬಹುದು. ಅಂಥ ಕಡತವನ್ನು ಬಿಡಿಸಿದವರಿಗೆ ಮೊದಲು ಕಾಣುವುದು ಹಳದಿಗಟ್ಟಿದ ನಮೂನೆ 7. ಸರ್ವೆ ನಂಬರ್, ವಿಸ್ತೀರ್ಣ, ಎಷ್ಟು ವರ್ಷದಿಂದ ಉಳುತ್ತಿದ್ದೇನೆ ಎಂಬ ಒಂದು ಸಾಲು, ಕೊನೆಯಲ್ಲಿ ಸಹಿ ಬಾರದ ಅರ್ಜಿದಾರನ ಎಡಗೈ ಹೆಬ್ಬೆಟ್ಟಿನ ಗುರುತು.